ಕರಿ ನಾಲ್ಕನೇ ಮನೆ

ಪೇಟಿ ಕಲಿಯಬೇಕೆಂದು ರಾಣೆಬೆನ್ನೂರಿನ ನನ್ನ ಮನೆಗೆ ಈಗಲೂ ಆಗಾಗ ಯಾರಾದರೂ ಬರುತ್ತಾರೆ. ನಾನು ಮೊದಲು ಬೇಡ ಎನ್ನುತ್ತೇನೆ. ಬೇಡ ಎಂದರೂ ಕೂತೇ ಇದ್ದರೆ ಚಹಾ ಕೊಡುತ್ತೇನೆ. ಚಹಾ ಕುಡಿದ ಮೇಲೂ ಏಳದಿದ್ದರೆ, ಇನ್ನು ಇವನ ಹಣೆಬರಹ ಎಂದುಕೊಂಡು ಮಾತಿಗೆ ಶುರು ಮಾಡುತ್ತೇನೆ. ಹೇಳಿದ್ದನ್ನೇ ಹೇಳಿ ಹೇಳಿ ಬೇಸರ ಬಂದಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದಿದ ಮೇಲೂ ಬರುವವರು ಬರಲಿ.

ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಬಾರಿಸುವವನು ಪೇಟಿ ಮಾಸ್ತರ. ಹೆಸರಿಗೆ ಮಾಸ್ತರ, ಕೆಲಸ ಮಾತ್ರ ಸಾಥ್ ಕೊಡುವುದು. ಹಾಡುವವರ ಬೆನ್ನ ಹಿಂದೆ ಸ್ವರ ಹಿಡಿದು ನಿಲ್ಲುವುದು, ಅವರು ಎಡವಿದರೆ ಜನಕ್ಕೆ ಗೊತ್ತಾಗದಂತೆ ಎತ್ತುವುದು. ಈ ವೃತ್ತಿಯಲ್ಲಿ ಬಡ್ತಿ ಇಲ್ಲ, ನಿವೃತ್ತಿಯ ದಿನ ಹಾರವೂ ಇಲ್ಲ. ತಿದಿ ಒತ್ತುವ ಎಡಗೈಯ ಭುಜ ಒಂದು ದಿನ ಮೇಲೇಳುವುದಿಲ್ಲ, ಅಂದೇ ನಿವೃತ್ತಿ. ನನಗೂ ಹಾಗೇ ಆಯಿತು.

ನನಗೆ ಕಲಿಸಿದವರು ನಾಟಕ ಕಂಪನಿಯ ಫಕ್ಕೀರಪ್ಪ ಮಾಸ್ತರು. ಕಡ್ಡಿಯಂಥ ಮನುಷ್ಯ, ಬಾಯಿ ಮಾತ್ರ ಬಹಳ ಕೆಟ್ಟದ್ದು. ಅವರಿಗೆ ಜ್ವರ ಬಂದಿದ್ದ ಒಂದು ದಿನ ನನ್ನನ್ನು ಕೂರಿಸಿದರು. ನಾಯಕಿ ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಾನು ಒಂದು ಉದ್ದನೆಯ ತಾನ ಹೊಡೆದೆ. ಥೇಟರಿನಲ್ಲಿ ಚಪ್ಪಾಳೆ ಬಿತ್ತು. ಅದು ನನಗೆ ಬಿದ್ದ ಚಪ್ಪಾಳೆ ಎಂದು ನನ್ನ ಎದೆ ಉಬ್ಬಿತು. ಮರುದಿನ ಮಾಸ್ತರು ಹಾಸಿಗೆಯಲ್ಲೇ ಎದ್ದು ಕೂತು ಕರೆಸಿದರು.

"ಚಪ್ಪಾಳಿ ನಿನಗ ಬಂತಂತಲ್ಲೋ. ಹಂಗಾರ ಆಕಿಗೆ ಏನು ಉಳೀತು?" ಎಂದರು. "ನಾಳಿಂದ ನಿನಗ ಒಂದ ಬೆರಳ. ಷಡ್ಜ ಹಿಡಕೊಂಡು ಕುಂದರು. ಆಕಿ ಮುಂದ ಹೋದ ಮ್ಯಾಲ ನೀ ಹೋಗಬೇಕು, ಆಕಿ ನಿಂತ್ರ ನಿಲ್ಲಬೇಕು. ಅಷ್ಟ ಐತಿ ಈ ವಿದ್ಯಾ."

ಆ ಸೀಜನ್ ಪೂರ್ತಿ ಒಂದೇ ಬೆರಳಿನಲ್ಲಿ ಕೂತೆ. ಮಾಸ್ತರರನ್ನು ಮನಸಾರೆ ಬೈದುಕೊಂಡೆ. ಈಗ ಬೈಯುವುದಿಲ್ಲ, ಆದರೆ ಪ್ರೀತಿಯಿಂದ ನೆನೆಯುತ್ತೇನೆ ಎಂದರೂ ಸುಳ್ಳಾದೀತು. ಅವರು ಸತ್ತದ್ದು ಕಂಪನಿಯ ಪರದೆಗಳ ಪೆಟ್ಟಿಗೆಯ ಮೇಲೆ ಮಲಗಿಕೊಂಡು. ಮಣ್ಣಿಗೆ ಹೋದವರಲ್ಲಿ ಹಾಡುವವರು ಒಬ್ಬರೂ ಇರಲಿಲ್ಲ.

ಕಂಪನಿ ಮುಚ್ಚಿದ ಮೇಲೆ ನಾನು ಹಳ್ಳಿ ನಾಟಕಗಳಿಗೆ ಇಳಿದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸುತ್ತಿನ ಹಳ್ಳಿಗಳಲ್ಲಿ ಸುಗ್ಗಿ ಮುಗಿಯುತ್ತಲೇ ನಾಟಕದ ಹುಚ್ಚು ಏಳುತ್ತದೆ. ಎರಡು ಸಾವಿರದ ಇಸವಿ ದಾಟಿ, ಮನೆಮನೆಗೆ ಟಿವಿ ಬಂದ ಮೇಲೂ ಅದು ಕಡಿಮೆಯಾಗಿರಲಿಲ್ಲ. ಗಂಡು ಪಾತ್ರಗಳೆಲ್ಲ ಊರಿನವರವೇ. ತಿಂಗಳುಗಟ್ಟಲೆ ತಾಲೀಮು ಕೊಟ್ಟು ಹಾಡು ಕಲಿಸುವವನು ಪೇಟಿ ಮಾಸ್ತರ. ಹೆಣ್ಣು ಪಾತ್ರಕ್ಕೆ ಮಾತ್ರ ಪೇಟೆಯಿಂದ ಕಲಾವಿದೆಯನ್ನು ಕರೆಸುತ್ತಾರೆ, ಆಕೆ ಬರುವುದು ನಾಟಕದ ದಿನವೇ. ಬಸ್ಸಿಳಿದು, ಬಣ್ಣ ಹಚ್ಚಿಕೊಂಡು, ಎಂದೂ ಮುಖ ನೋಡದ ಗಂಡನೊಂದಿಗೆ ಯುಗಳಗೀತೆ ಹಾಡಬೇಕು. ನಾಟಕದ ಪುಸ್ತಕದಲ್ಲಿ ಹಾಡಿನ ತಲೆಯ ಮೇಲೆ ಯಾವ ಮಟ್ಟು ಎಂದಷ್ಟೇ ಬರೆದಿರುತ್ತದೆ. ಎಲ್ಲಿ ಶುರು, ಎಷ್ಟು ಎತ್ತರ, ಎಲ್ಲಿ ತಡೆಯಬೇಕು, ನಡುವಿನ ಖಾಲಿ ಜಾಗಕ್ಕೆ ಏನು ತುಂಬಬೇಕು, ಇದಾವುದೂ ಪುಸ್ತಕದಲ್ಲಿ ಇಲ್ಲ. ಅದು ಪೇಟಿಯವನ ಬೆರಳಿನಲ್ಲಿ ಇರಬೇಕು.

ಊರಿನ ನಟರ ವಿಷಯ ಕೇಳಬೇಡಿ. ಗಳಗನಾಥದ ಕಡೆಯ ಒಂದು ಹಳ್ಳಿಯಲ್ಲಿ ರಾಜನ ಪಾತ್ರದ ಗೌಡರೊಬ್ಬರು ಒಂದೇ ಹಾಡಿನಲ್ಲಿ ಮೂರು ಶ್ರುತಿ ಬದಲಿಸುತ್ತಿದ್ದರು. ನಾನೂ ಸದ್ದಿಲ್ಲದೆ ಅವರ ಹಿಂದೆ ಮೂರು ಕಡೆ ಸರಿಯುತ್ತಿದ್ದೆ. ನಾಟಕ ಮುಗಿದ ಮೇಲೆ ಗೌಡರು ನನ್ನ ಹೆಗಲ ಮೇಲೆ ಕೈಯಿಟ್ಟು, ಮಾಸ್ತರ, ನಿಮ್ಮ ಪೇಟಿ ಸ್ವಲ್ಪ ಅಲ್ಲಲ್ಲಿ ಅಲುಗಾಡತೈತಿ, ರಿಪೇರಿ ಮಾಡಿಸ್ರಿ ಎಂದರು. ಹೂಂ ಎಂದೆ. ಸಾಥ್ ಎಂದರೆ ಇದು. ಮುಚ್ಚಿದ್ದು ಗೊತ್ತಾಗಬಾರದು, ಗೊತ್ತಾದರೆ ತಪ್ಪು ನಿನ್ನದು.

ಇನ್ನು ರತ್ನವ್ವನ ವಿಷಯಕ್ಕೆ ಬರುತ್ತೇನೆ. ಬರಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಆದರೆ ಆಕೆಯನ್ನು ಬಿಟ್ಟು ಈ ಕೆಲಸದ ಬಗ್ಗೆ ಹೇಳುವುದೆಂದರೆ ಬರೀ ತಿದಿ ಒತ್ತಿದಂತೆ, ಸ್ವರ ಬರುವುದಿಲ್ಲ.

ರತ್ನವ್ವ ಬ್ಯಾಡಗಿಯವಳು. ಪೋಸ್ಟರಿನಲ್ಲಿ ಕುಮಾರಿ ರತ್ನಮಾಲಾ. ನಲವತ್ತು ದಾಟಿದ ಮೇಲೂ ಪೋಸ್ಟರಿನಲ್ಲಿ ಕುಮಾರಿಯೇ. ಮದುವೆ ಆಗಿತ್ತು, ಗಂಡ ಎಲ್ಲೋ ಹೋಗಿದ್ದ, ಅವನ ಸುದ್ದಿಯನ್ನು ಆಕೆ ಎತ್ತುತ್ತಿರಲಿಲ್ಲ. ಕುಳ್ಳಗೆ, ಕಪ್ಪಗೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೂ ಯಾರೂ ತಿರುಗಿ ನೋಡದ ಹೆಣ್ಣುಮಗಳು. ಬಾಯಿ ತೆರೆದರೆ ಬೀಡಿ ಸೇದುತ್ತ ಹಿಂದೆ ನಿಂತವರೂ ಬೀಡಿ ಆರಿಸುತ್ತಿದ್ದರು. ಕರಿ ನಾಲ್ಕರಲ್ಲಿ ಹಾಡುತ್ತಿದ್ದಳು.

ಇದನ್ನು ಬಿಡಿಸಿ ಹೇಳಬೇಕು. ಪೇಟಿಯ ಕೀಲಿಗಳಿಗೆ ನಾವು ಮನೆ ಎನ್ನುತ್ತೇವೆ. ಬಿಳಿ ಮನೆ ಬೇರೆ ಎಣಿಸುತ್ತೇವೆ, ಕರಿ ಮನೆ ಬೇರೆ ಎಣಿಸುತ್ತೇವೆ. ಹಾಡುವವರು ಯಾವ ಮನೆಯನ್ನು ಷಡ್ಜ ಮಾಡಿಕೊಳ್ಳುತ್ತಾರೋ ಅದು ಅವರ ಶ್ರುತಿ. ಗಂಡಸರದು ಸಾಮಾನ್ಯವಾಗಿ ಕರಿ ಒಂದು, ಹೆಚ್ಚೆಂದರೆ ಕರಿ ಎರಡು. ಹೆಂಗಸರದು ಎತ್ತರ. ಕರಿ ನಾಲ್ಕರಲ್ಲಿ ನಿಂತು ಮೇಲಿನ ಸ್ವರಕ್ಕೆ ಸಲೀಸಾಗಿ ಹೋಗುವುದೆಂದರೆ ಕಂಠ ಗಟ್ಟಿ ಇರಬೇಕು.

ಆಕೆ ರಂಗಕ್ಕೆ ಬಂದವಳೇ ಬಲಗೈಯನ್ನು ಸೊಂಟದ ಮೇಲೆ ಇಡುತ್ತಿದ್ದಳು. ಅಲ್ಲಿ ಬೆರಳು ತೋರಿಸುತ್ತಿದ್ದಳು. ಕೈಯ ಹಿಂಬದಿ ನನ್ನ ಕಡೆಗಿದ್ದರೆ ಕರಿ, ಅಂಗೈ ಇದ್ದರೆ ಬಿಳಿ. ಬೆರಳು ಎಷ್ಟೋ ಮನೆ ಅಷ್ಟನೆಯದು. ಅಂದಿನ ಗಂಟಲು ಹೇಗಿದೆ ಎಂದು ಆಕೆಗೇ ಗೊತ್ತು, ಅದನ್ನು ಕೂಗಿ ಹೇಳಲಾಗುವುದಿಲ್ಲ, ಅದಕ್ಕೆ ಈ ಏರ್ಪಾಡು. ತಬಲಾದವನೂ ಆಕೆಯ ಕೈ ನೋಡಿ ಪಕ್ಕದಲ್ಲಿಟ್ಟುಕೊಂಡ ಬೇರೆ ತಬಲಾ ಎಳೆದುಕೊಳ್ಳುತ್ತಿದ್ದ. ಜನ ಇದನ್ನು ಆಕೆಯ ಒನಪು ಎಂದುಕೊಂಡಿದ್ದರು. ಹೊಸರಿತ್ತಿಯ ಕಡೆ ನೀರಿಗೆ ಹೋಗುವ ಹುಡುಗಿಯರು ಸೊಂಟದ ಮೇಲೆ ನಾಲ್ಕು ಬೆರಳಿಟ್ಟು ನಿಲ್ಲುವುದನ್ನು ಕಂಡು ನಾನೂ ತಬಲಾದವನೂ ಬಹಳ ನಕ್ಕಿದ್ದೆವು.

ಒಂದು ಸುಗ್ಗಿಯಲ್ಲಿ ಅಂಗೈ ಕಂಡಿತು, ಬಿಳಿ ಐದು. ಅಂದರೆ ಕರಿ ನಾಲ್ಕಕ್ಕಿಂತ ಒಂದೇ ಒಂದು ಮೆಟ್ಟಿಲು ಕೆಳಗೆ. ನೆಗಡಿ ಇರಬೇಕು ಎಂದುಕೊಂಡೆ. ಮುಂದಿನ ವರ್ಷ ಕರಿ ಮೂರು. ನೆಗಡಿ ವರ್ಷಗಟ್ಟಲೆ ಇರುವುದಿಲ್ಲ. ನಾನು ಪೇಟಿಯೊಳಗಿನ ಮಂದ್ರ ಸಾಲಿನ ಸ್ವರವನ್ನೂ ಬಿಚ್ಚಿ, ಆಕೆಯ ದನಿ ಒಡೆಯುವ ಜಾಗದಲ್ಲಿ ತುಸು ದಪ್ಪಗೆ ನುಡಿಸತೊಡಗಿದೆ. ಆಕೆ ಮೇಲಿನ ಸ್ವರಕ್ಕೆ ಹೋಗುವ ಮುನ್ನ ನಾನು ಅರೆಕ್ಷಣ ತಡೆಯುತ್ತಿದ್ದೆ, ಉಸಿರಿಗೆ ಜಾಗ ಸಿಗಲಿ ಎಂದು. ಜನಕ್ಕೆ ಏನೂ ಗೊತ್ತಾಗಲಿಲ್ಲ. ಮತ್ತೆ ಮತ್ತೆ ಹಾಡಿಸಿದರು.

ಮರುವರ್ಷ ಒಂದು ನಾಟಕ ಮಂಡಳಿಯ ಪರವಾಗಿ ಆಕೆಗೆ ಮುಂಗಡದ ವೀಳ್ಯ ಕೊಡಲು ಬ್ಯಾಡಗಿಗೆ ಹೋದೆ. ಮನೆಯಲ್ಲಿ ಇರಲಿಲ್ಲ. ಮೆಣಸಿನಕಾಯಿ ಗೋದಾಮಿನಲ್ಲಿ ಇದ್ದಾಳೆ ಎಂದರು. ಹೋಗಿ ನೋಡಿದರೆ ಕೆಂಪು ರಾಶಿಯ ನಡುವೆ ಹೆಂಗಸರ ಸಾಲು, ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿದ್ದರು. ಬಾಗಿಲಲ್ಲಿ ನಿಂತ ನನಗೇ ಘಾಟು ಹತ್ತಿ ಕಣ್ಣಲ್ಲಿ ನೀರು ಬಂತು. ಆ ಸಾಲಿನಿಂದ ರತ್ನವ್ವ ಎದ್ದು ಬಂದಳು. ಹೋದ ಸುಗ್ಗಿಗಿಂತ ದನಿ ಇನ್ನೂ ಇಳಿದಿತ್ತು. ನನಗೆ ಸಿಟ್ಟು ಬಂತು. ಕಂಠ ನಂಬಿಕೊಂಡು ಬದುಕುವವಳು ಹಗಲೆಲ್ಲ ಈ ಧೂಳಿನಲ್ಲಿ ಕೂರುತ್ತೀಯಲ್ಲ ಎಂದು ಬೈದೆ. ನಾಟಕ ಇರುವುದು ಸುಗ್ಗಿಯಲ್ಲಿ, ವರ್ಷದ ಉಳಿದ ದಿನ ಹೊಟ್ಟೆಗೆ ರಜೆ ಇಲ್ಲವಲ್ಲ ಎಂದು ಆಕೆ ನಕ್ಕಳು. ನಗು ಕೆಮ್ಮಿಗೆ ತಿರುಗಿತು.

"ದೊಡ್ಡ ಡಾಕ್ಟರಿಗೆ ತೋರಸವಾ. ಇದು ಬರೇ ಘಾಟ ಅಲ್ಲ" ಎಂದೆ.

"ತೋರಸಿದ್ರ ಮಾತಾಡಬ್ಯಾಡ ಅಂತಾನ್ರಿ ಮಾಸ್ತರ. ಒಂದ ಸುಗ್ಗಿ ನಾ ಸುಮ್ನ ಕುಂತೆ ಅಂದ್ರ, ಮುಂದಿನ ಸುಗ್ಗಿಗೆ ನನ್ನ ಹೆಸರ ಯಾರ ಬಾಯಾಗೂ ಇರೂದಿಲ್ಲ. ನೀವು ಇದ್ದೀರಲ್ಲ, ಹೆಂಗಾರ ನಡಸ್ರಿ."

ನಾನು ಬಿಡಲಿಲ್ಲ. ಹಟ ಹಿಡಿದ ಮೇಲೆ ಊರಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿ ಬಂದಳು. ಅವರು ಗುಳಿಗೆ ಕೊಟ್ಟು ಮೆಣಸಿನಕಾಯಿ ಕೆಲಸ ಬಿಡು ಎಂದರಂತೆ. ಗುಳಿಗೆ ನುಂಗಿದಳು, ಕೆಲಸ ಬಿಡಲಿಲ್ಲ. ಆ ಸುಗ್ಗಿಯಲ್ಲಿ ಆಕೆಯ ಸೊಂಟದ ಮೇಲೆ ಎರಡು ಬೆರಳು ಕಂಡವು. ಕರಿ ಎರಡು, ಗಂಡಸರ ಶ್ರುತಿ. ತಬಲಾದವನು ಕೈ ತಡೆದು ನನ್ನ ಮುಖ ನೋಡಿದ. ನಾನು ತಲೆ ಬಗ್ಗಿಸಿ ಮನೆ ಹಿಡಿದೆ.

ಈಗಿನ ಹುಡುಗರು ಕೇಳುತ್ತಾರೆ, ನೀವು ಕೀಬೋರ್ಡ್ ಯಾಕೆ ಕಲಿಯಲಿಲ್ಲ ಎಂದು. ಕೀಬೋರ್ಡಿನ ಮೇಲೆ ನನಗೆ ಜಗಳವಿಲ್ಲ. ಆ ವರ್ಷಗಳಲ್ಲಿ ಎಲ್ಲ ಮಂಡಳಿಗಳಿಗೂ ಅದು ಬೇಕಾಗಿತ್ತು. ಒಂದೇ ಪೆಟ್ಟಿಗೆಯಲ್ಲಿ ಕೊಳಲು, ಪಿಟೀಲು, ತಾಳ ಎಲ್ಲ. ತಬಲಾದವನಿಗೆ ಹಾಕುವ ಊಟ ಮಂಡಳಿಗೆ ಉಳಿಯಿತು. ತಾಲೀಮಿಗೆ ಮಾತ್ರ ನಾನು, ನಾಟಕದ ದಿನ ಹಾವೇರಿಯಿಂದ ಕೀಬೋರ್ಡಿನವರು. ನನಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿ ಶಾಲು ಹೊದಿಸುತ್ತಿದ್ದರು. ಮನುಷ್ಯ ಬೇಡವಾದ ಎಂದು ನಮ್ಮಲ್ಲಿ ಹೇಳುವ ರೀತಿ ಅದು.

ಮೋಟೆಬೆನ್ನೂರಿನ ಹತ್ತಿರದ ಒಂದು ಹಳ್ಳಿಯ ನಾಟಕ. ಕೀಬೋರ್ಡಿಗೆ ಪ್ರಕಾಶ ಎಂಬವನು ಬಂದಿದ್ದ. ಮೂವತ್ತರ ಆಸುಪಾಸಿನವನು, ಚೆನ್ನಾಗಿ ಕಲಿತವನು, ಮರ್ಯಾದಸ್ಥ. ರತ್ನಮಾಲಾ ಅವರ ಹಾಡೆಂದು ಕೇಳಿ ಹುಡುಕಿ ಹುಡುಕಿ ಆಕೆಯ ಹಳೆಯ ಕ್ಯಾಸೆಟ್ ತರಿಸಿ, ಕೇಳಿ ಕೇಳಿ, ತಾಳವನ್ನೂ ನಡುವಿನ ತುಣುಕುಗಳನ್ನೂ ಮೊದಲೇ ಪೆಟ್ಟಿಗೆಯಲ್ಲಿ ತುಂಬಿಕೊಂಡು ಬಂದಿದ್ದ. ಅಷ್ಟು ಶ್ರದ್ಧೆ. ಕ್ಯಾಸೆಟ್ಟಿನಲ್ಲಿದ್ದದ್ದು ಹರೆಯದ ರತ್ನವ್ವ. ಕರಿ ನಾಲ್ಕು.

ಆಕೆ ಬಂದ ಮೇಲೆ ಶ್ರುತಿ ಕೇಳಿಕೋ ಎಂದು ಮಧ್ಯಾಹ್ನವೇ ಅವನಿಗೆ ಹೇಳಿದ್ದೆ. ಆಗಲಿ ಎಂದಿದ್ದ. ಬಸ್ಸು ಕೆಟ್ಟು ಆಕೆ ತಡವಾಗಿ ಬಂದಳು. ನಾಂದಿ ಮುಗಿದಿತ್ತು, ಬಣ್ಣದ ಕೋಣೆಗೆ ಓಡಿದಳು. ಪ್ರಕಾಶ ತನ್ನ ವೈರುಗಳ ನಡುವೆ ಇದ್ದ. ಯಾರೂ ಯಾರನ್ನೂ ಕೇಳಲಿಲ್ಲ.

ರಂಗಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟಳು. ಎರಡು ಬೆರಳು. ಪ್ರಕಾಶ ನೋಡಿದ. ಮುನ್ನುಡಿಯನ್ನು ಎರಡು ಸಲ ನುಡಿಸು ಎನ್ನುತ್ತಿದ್ದಾಳೆ ಎಂದುಕೊಂಡು ಎರಡು ಸಲ ನುಡಿಸಿದ. ಆಕೆ ಹಾಡಲಿಲ್ಲ, ಅವನು ಮನೆ ಹುಡುಕುತ್ತಿದ್ದಾನೆ ಎಂದು ಕಾದಳು. ಕೈಯನ್ನು ಇನ್ನಷ್ಟು ಮುಂದೆ ತಂದು ಅದೇ ಎರಡು ಬೆರಳು ಒತ್ತಿ ತೋರಿಸಿದಳು. ಅವನು ಮತ್ತೆ ಎರಡು ಸಲ ನುಡಿಸಿದ. ಹಿಂದಿನಿಂದ ಸಿಳ್ಳೆ ಬಂತು. ನಾನು ಕುರ್ಚಿಯಿಂದ ಎದ್ದು ಅವನ ಕಡೆ ಹೊರಟೆ. ನಡುವೆ ಮಕ್ಕಳು ಚಾಪೆ ಹಾಸಿ ಕೂತಿದ್ದರು, ತುಳಿಯದೆ ದಾಟಬೇಕಿತ್ತು. ಅಷ್ಟರಲ್ಲಿ ಆಕೆ ಪೆಟ್ಟಿಗೆಯ ಕರಿ ನಾಲ್ಕರಲ್ಲೇ ಹಾಡು ಎತ್ತಿಕೊಂಡಳು.

ಮೊದಲ ಸಾಲು ಬಂತು. ಎಲ್ಲಿಂದ ತಂದಳೋ, ಹಳೆಯ ದನಿಯೇ ಬಂತು. ಜನ ಚಪ್ಪಾಳೆ ತಟ್ಟಿದರು. ಎರಡನೆಯ ಸಾಲಿನಲ್ಲಿ ಮೇಲಿನ ಷಡ್ಜ ಇದೆ. ಅಲ್ಲಿಗೆ ಆಕೆ ಗದ್ದ ಎತ್ತಿದಳು, ಬಾಯಿ ತೆರೆದಳು. ಗಾಳಿ ಬಂತು, ಸ್ವರ ಬರಲಿಲ್ಲ. ಪೇಟಿಯಾದರೆ ನಿಲ್ಲುತ್ತಿತ್ತು. ಪೆಟ್ಟಿಗೆಯ ತಾಳ ನಿಲ್ಲಲಿಲ್ಲ, ಅದಕ್ಕೆ ಕಾಯಲು ಬರುವುದಿಲ್ಲ. ಖಾಲಿ ಬಾಯಿಯ ಆಕೆಯನ್ನು ಅಲ್ಲೇ ಬಿಟ್ಟು ಅದು ಮುಂದೆ ಹೋಯಿತು, ಕೊಳಲು ಬಂತು, ಪಿಟೀಲು ಬಂತು. ಜನ ನಕ್ಕರು. ಆಕೆ ಉಳಿದ ಹಾಡನ್ನು ಮಾತಿನಂತೆ ಆಡಿ ಮುಗಿಸಿದಳು. ಪೂರ್ತಿ ನಾಟಕವನ್ನೂ ಮುಗಿಸಿದಳು, ಒಂದು ಮಾತೂ ತಪ್ಪಿಸಲಿಲ್ಲ.

ಪ್ರಕಾಶ ಆಮೇಲೆ ನನ್ನ ಹತ್ತಿರ ಬಂದು ಆ ಎರಡು ಬೆರಳು ಏನೆಂದು ಕೇಳಿದ. ಹೇಳಿದೆ. "ನಮಗ ಇದನ್ನ ಯಾರೂ ಹೇಳಿಕೊಟ್ಟಿಲ್ರಿ" ಎಂದ. ಅದು ನಿಜ. ನಾವು ಹಾಡುವವರೂ ಬಾರಿಸುವವರೂ ನಮ್ಮನಮ್ಮಲ್ಲೇ ಇಟ್ಟುಕೊಂಡದ್ದು ಅವನಿಗೆ ಹೇಗೆ ಗೊತ್ತಾಗಬೇಕು? ಅವನ ಮೇಲೆ ನನಗೆ ಅಂದೂ ಕೋಪವಿರಲಿಲ್ಲ.

ಬೆಳಿಗ್ಗೆ ಮೋಟೆಬೆನ್ನೂರಿನ ಹೈವೇಗೆ ಬಂದು ಬಸ್ಸಿಗೆ ನಿಂತೆವು. ರತ್ನವ್ವ ಪಕ್ಕಕ್ಕೆ ಹೋಗಿ ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಸೆರಗು ಕೆಂಪಾಗಿತ್ತು. ಎಲೆ ಅಡಿಕೆ ಎಂದಳು. ಗಂಟಲಿಗಾಗದು ಎಂದು ಆಕೆ ಒಂದು ದಿನವೂ ಎಲೆ ಅಡಿಕೆ ಹಾಕಿದವಳಲ್ಲ. ನಾನು ಬ್ಯಾಡಗಿಯ ಬಸ್ಸು ಬಿಟ್ಟು, ಹುಬ್ಬಳ್ಳಿಯ ಬಸ್ಸಿಗೆ ಕೈ ಮಾಡಿ ಆಕೆಯನ್ನು ಹತ್ತಿಸಿದೆ. ದಾರಿಯುದ್ದಕ್ಕೂ ಕಿಟಕಿಗೆ ತಲೆಯಿಟ್ಟು ಮಲಗಿದ್ದಳು, ಮುಖದ ಬಣ್ಣ ಕಿವಿಯ ಹಿಂದೆ ಇನ್ನೂ ಉಳಿದಿತ್ತು.

ಹುಬ್ಬಳ್ಳಿಯಲ್ಲಿ ದೊಡ್ಡ ಆಸ್ಪತ್ರೆ, ಡಾಕ್ಟರು ಒಬ್ಬ ಹೆಣ್ಣುಮಗಳು. ದನಿ ಯಾವಾಗಿನಿಂದ ಇಳಿದಿದೆ ಎಂದು ಕೇಳಿದರು. ರತ್ನವ್ವನಿಗೆ ಪಿಸುಮಾತೂ ಕಷ್ಟವಾಗಿತ್ತು. ಆಕೆ ನನ್ನ ಕಡೆ ನೋಡಿ ಬೆರಳು ತೋರಿಸುತ್ತ ಹೋದಳು, ನಾನು ಅದನ್ನು ಮಾತಿನಲ್ಲಿ ಹೇಳುತ್ತ ಹೋದೆ. ಆ ಸುಗ್ಗಿ ಅಲ್ಲಿ, ಮರುಸುಗ್ಗಿ ಇಲ್ಲಿ, ಈಗ ಇಲ್ಲಿ. ಕೋಣೆಯಲ್ಲಿ ಪೇಟಿ ಇರಲಿಲ್ಲ, ಆದರೂ ಸಾಥ್ ಕೊಡುತ್ತಿದ್ದೇನೆ ಎನಿಸಿತು. ಮೊದಲ ಇಳಿತಕ್ಕೆ ಧೂಳು ಕಾರಣವಿರಬಹುದು, ಈಗಿನದಕ್ಕೆ ಗಂಟಲೊಳಗೆ ಬೆಳೆದ ಗಂಟು ಎಂದರು ಡಾಕ್ಟರು. ಪರೀಕ್ಷೆಗಳಾದವು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ತಿಳಿಸಿದರು.

ರತ್ನವ್ವ ಕಷ್ಟಪಟ್ಟು ಪಿಸುದನಿಯಲ್ಲಿ ಒಂದೇ ಮಾತು ಕೇಳಿದಳು. "ಮುಂದ ಪಾತ್ರ ಮಾಡಬಹುದೇನ್ರೀ?"

"ಜೀವ ಉಳೀತೈತಿ" ಎಂದರು ಡಾಕ್ಟರು.

ಕೇಳಿದ್ದಕ್ಕೆ ಅದು ಉತ್ತರವಲ್ಲ. ಅದು ಮೂವರಿಗೂ ಗೊತ್ತಿತ್ತು. ಒಪ್ಪಿಗೆಯ ಕಾಗದಕ್ಕೆ ರತ್ನವ್ವ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಮಾಡಿದಳು. ಕುಮಾರಿ ರತ್ನಮಾಲಾ ಎಂದೇ ಬರೆದಳು, ನರ್ಸು ಬೇರೆ ಕಾಗದ ತರಬೇಕಾಯಿತು.

ಆಪರೇಷನ್ ಆದ ಮೇಲೆ ಕುತ್ತಿಗೆಯಲ್ಲಿ ಒಂದು ತೂತು ಉಳಿಯಿತು. ಉಸಿರಾಟ ಅದರಿಂದಲೇ. ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿಯನ್ನು ಗಟ್ಟಿ ಮೂಗಿನವರೇ ತಡೆಯಲಾರರು, ಆಕೆ ಅಲ್ಲಿ ಇರುವಂತೆಯೇ ಇರಲಿಲ್ಲ. ಹುಟ್ಟಿದ ಊರು ಬಿಟ್ಟು ಹಾವೇರಿಯಲ್ಲಿ ತಂಗಿಯ ಮನೆ ಸೇರಿದಳು. ಪೋಸ್ಟರುಗಳಲ್ಲಿ ಬೇರೆ ಕುಮಾರಿಯರು ಬಂದರು. ಆಕೆ ಹೇಳಿದ್ದು ಸರಿಯಾಗಿತ್ತು, ಹೆಸರು ಒಂದೇ ಸುಗ್ಗಿಯಲ್ಲಿ ಜನರ ಬಾಯಿಂದ ಹೋಯಿತು. ನನ್ನ ಭುಜವೂ ಅದೇ ವರ್ಷ ಕೈಕೊಟ್ಟಿತು. ಕರೆದವರಿಗೆಲ್ಲ ಪ್ರಕಾಶನ ಹೆಸರು ಹೇಳಿದೆ. ಅವನು ಈಗ ನಾಟಕ ಶುರುವಾಗುವ ಮುನ್ನ ಬಣ್ಣದ ಕೋಣೆಗೆ ಹೋಗಿ ಪ್ರತಿಯೊಬ್ಬರ ಶ್ರುತಿ ಕೇಳಿ ಬರುತ್ತಾನಂತೆ.

ಒಂದು ಮಧ್ಯಾಹ್ನ ನಾನು ಉಂಡು ಅಡ್ಡಾಗಿದ್ದೆ. ಬಾಗಿಲಲ್ಲಿ ರತ್ನವ್ವ ನಿಂತಿದ್ದಳು, ಕುತ್ತಿಗೆಗೆ ಬಿಳಿ ಅರಿವೆ. ಬಾರವಾ, ಕುಂದರು ಎಂದೆ. ಕೂತಳು. ಮಾತಾಡುವುದು ಏನೂ ಇರಲಿಲ್ಲ, ಇದ್ದರೂ ನಾನೊಬ್ಬನೇ ಆಡಬೇಕಿತ್ತು, ಅದು ನನಗೆ ಬೇಡವಾಗಿತ್ತು. ಚಹಾ ತಂದಿಟ್ಟೆ. ಚಹಾ ಆರುತ್ತಿತ್ತು, ಆಕೆ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ಪೇಟಿಯ ಕಡೆ ಕೈ ತೋರಿಸಿದಳು.

ಭುಜ ನೋಯುತ್ತದೆ ಎನ್ನಬೇಕೆಂದಿದ್ದೆ. ಎನ್ನಲಿಲ್ಲ. ಬಟ್ಟೆ ತೆಗೆದು, ಧೂಳು ಒರೆಸಿ, ಪೇಟಿಯನ್ನು ಮುಂದೆ ಎಳೆದುಕೊಂಡು ಆಕೆಯ ಮುಖ ನೋಡಿದೆ. ಆಕೆ ಕೂತಲ್ಲೇ ಬಲಗೈಯನ್ನು ಸೊಂಟದ ಮೇಲೆ ಇಟ್ಟಳು. ಎರಡು ಬೆರಳು ಬರುತ್ತವೆಂದು ನನ್ನ ಕೈ ಆಗಲೇ ಆ ಮನೆಯ ಮೇಲಿತ್ತು. ಆಕೆ ಕೈ ತಿರುಗಿಸಿ, ಹಿಂಬದಿ ನನ್ನ ಕಡೆ ಮಾಡಿ, ನಾಲ್ಕು ಬೆರಳು ತೆರೆದಳು.

ನಾನು ಕರಿ ನಾಲ್ಕು ಹಿಡಿದೆ. ಮುನ್ನುಡಿ ನುಡಿಸಿದೆ. ಹಾಡು ಶುರುವಾಗುವ ಜಾಗಕ್ಕೆ ಬಂದಾಗ ಹಾಡನ್ನು ನುಡಿಸಲಿಲ್ಲ, ಅದು ನನ್ನದಲ್ಲ. ಕೆಳಗೆ ಷಡ್ಜ ಪಂಚಮ ಹಿಡಿದು ಸಾಥ್ ಅಷ್ಟೇ ಕೊಟ್ಟೆ. ಆಕೆಯ ತುಟಿ ಆಡುತ್ತಿತ್ತು, ಕುತ್ತಿಗೆಯ ಅರಿವೆ ಲಯಕ್ಕೆ ಸರಿಯಾಗಿ ಒಳಗೆ ಹೊರಗೆ ಆಗುತ್ತಿತ್ತು. ಒಂದು ಸಾಲು ಮುಗಿಯಿತು. ಎರಡನೆಯ ಸಾಲಿನಲ್ಲಿ ಮೇಲಿನ ಷಡ್ಜದ ಜಾಗ ಬಂತು. ಆಕೆ ಗದ್ದ ಎತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದು ಆ ಸ್ವರದ ಮೇಲೇ ನಿಂತಳು. ನಾನೂ ನಿಂತೆ. ನನ್ನ ಎಡಭುಜ ಸುಡುತ್ತಿತ್ತು, ತಿದಿ ಬಿಡಲಿಲ್ಲ. ಬಹಳ ಹೊತ್ತು ನಿಂತಳು. ಆಕೆ ಗದ್ದ ಇಳಿಸಿದ ಮೇಲೆಯೇ ನಾನು ಮುಂದಿನ ಮನೆಗೆ ಬೆರಳಿಟ್ಟೆ.